ಪದಚರ್ಚೆ: ಎಕ್ಸ್‌ರೇ ಕೋಣೆಯ ಫಲಕಕ್ಕೆ ತುರ್ತಾಗಿ ಪದ ಬೇಕು

ವಾಸ್ಕೋದಿಂದ:
ಇಲ್ಲಿ ಗೋವಾದ ಚಿಕಿತ್ಸಾಲಯವೊಂದರ ಎಕ್ಸ್‌ರೇ ಕೋಣೆಯ ಹೊರಗೆ ಕನ್ನಡ ಫಲಕ ಹಾಕುತ್ತಿದ್ದೇವೆ. ಬರುವವರಲ್ಲಿ ಬಾಗಲಕೋಟೆ, ವಿಜಯಪುರ ಕಡೆಯ ಕೂಲಿಕಾರರೇ ಹೆಚ್ಚು. ‘ಶೋಲ್ಡರ್ ಆಸ್ಟಿಯೋಆರ್ಥ್ರೈಟಿಸ್’ಗೆ ‘ಭುಜದ ಅಸ್ಥಿಸಂಧಿವಾತ’ ಎಂದು ಬರೆದಿದ್ದೇನೆ. ‘ಜಾಯಿಂಟ್ ಸ್ಪೇಸ್ ನ್ಯಾರೋಯಿಂಗ್’, ‘ಆಸ್ಟಿಯೋಫೈಟ್’ ಇವಕ್ಕೆ ಏನೆನ್ನಬೇಕು? ಸಂಜೆ ಮುದ್ರಣಕ್ಕೆ ಕೊಡಬೇಕು.

ಮಾಟುಂಗದಿಂದ:
ಮೊದಲು ಆ ಭುಜವನ್ನು ಇಳಿಸಿ. ಸಂಸ್ಕೃತದಲ್ಲಿ ಭುಜವೆಂದರೆ ತೋಳು, ಹೆಗಲಿಗೆ ಅಂಸ. ಹಳಗನ್ನಡದ ‘ಪೆಗಲ್’ ಇರುವಾಗ ಈ ತಪ್ಪು ಸಾಲವೇಕೆ? ‘ಸಂಧಿವಾತ’ವೂ ಬೇಡ, ಕೀಲು ಊದಿಸುವ ಬೇರೆ ರೋಗವಾದ ಆಮವಾತವನ್ನೂ ಜನ ಹಾಗೆಯೇ ಕರೆಯುತ್ತಾರೆ. ‘ಹೆಗಲ ಕೀಲು ಸವೆತ’ ಸಾಕು. ‘ಆಸ್ಟಿಯೋಫೈಟ್’ಗೆ ‘ಎಲುಬಿನ ಮುಳ್ಳು’.

ಪುಣೆಯಿಂದ:
‘ಸವೆತ’ಕ್ಕೆ ಒಪ್ಪಿಗೆ. ಆದರೆ ‘ಎಕ್ಸ್‌ರೇಯಲ್ಲಿ ಸವೆತ ಕಾಣುತ್ತದೆ’ ಎಂದು ಬರೆಯಬೇಡಿ. ಸವೆಯುವುದು ಮೃದ್ವಸ್ಥಿ (ಕಾರ್ಟಿಲೇಜ್), ಅದು ಚಿತ್ರದಲ್ಲಿ ಮೂಡುವುದೇ ಇಲ್ಲ. ತೋಳೆಲುಬಿನ ಗುಂಡು ತಲೆಗೂ ಅದು ಕೂರುವ ಗುಳಿಗೂ ನಡುವೆ ಕಪ್ಪು ಸಂದೊಂದು ಕಾಣುತ್ತದೆ. ಸಂದು ಕಿರಿದಾಗಿದ್ದರೆ ಸವೆದಿದೆ ಎಂದು ಊಹಿಸುತ್ತಾರೆ. ನೇರ ಎದುರಿನಿಂದ ತೆಗೆದರೆ ಗುಂಡು ಗುಳಿಯ ಮೇಲೆ ಬಿದ್ದು ಸಂದೇ ಮುಚ್ಚಿಹೋಗುತ್ತದೆ, ಅದಕ್ಕಾಗಿ ರೋಗಿಯನ್ನು ಓರೆಯಾಗಿ ನಿಲ್ಲಿಸುತ್ತಾರೆ. ಆದ್ದರಿಂದ ‘ಕೀಲಿನ ಸಂದು ಕಿರಿದಾಗುವುದು’. ‘ಮುಳ್ಳು’ ಎಂದರೆ ಏನೋ ಚುಚ್ಚಿಕೊಂಡಿದೆ ಎಂದು ಹೆದರುತ್ತಾರೆ; ‘ಎಲುಬಿನ ಚಾಚು’ ಎನ್ನಿ. ಗುಂಡಿನ ಕೆಳ ಅಂಚಿನಲ್ಲಿ ಬೆಳೆಯುವ ಈ ಚಾಚನ್ನೇ ಅಳೆದು, 3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಸೌಮ್ಯ, 7 ಮೀರಿದರೆ ತೀವ್ರ ಎಂದು 1983ರ ಸ್ಯಾಮಿಲ್ಸನ್–ಪ್ರಿಯೆಟೊ ವರ್ಗೀಕರಣ ಹೇಳುತ್ತದೆ.

ಮಾಟುಂಗದಿಂದ:
ಮೃದ್ವಸ್ಥಿಯಂತೆ! ಯಣ್ ಸಂಧಿ ಬಿಡಿಸಲು ಕೂಲಿಕಾರ ಯಾವ ಪಾಠಶಾಲೆ ಸೇರಬೇಕು? ‘ಮೆಲ್ಲೆಲುಬು’ ಎನ್ನಲು ನಾಲಗೆ ಹೊರಳದೇ?

ದಾದರ್‌ನಿಂದ:
ಮೆಲ್ಲೆಲುಬಿಗೆ ಇಷ್ಟು ಹಟ ಹಿಡಿಯುವವರು ‘ಎಕ್ಸ್‌ರೇ’ಯನ್ನು ಹೇಗೆ ನುಂಗಿದಿರಿ? ಮರಾಠಿಯವರು ‘ಕ್ಷ-ಕಿರಣ’ ಎಂದು ಅಚ್ಚುಕಟ್ಟಾಗಿ ಬರೆಯುತ್ತಾರೆ. ನಮ್ಮಲ್ಲೂ ಅದಿದೆ, ಬಳಸುವ ಮನಸ್ಸಿಲ್ಲ.

ಮಾಟುಂಗದಿಂದ:
ರಾಯರೇ, 1895ರಲ್ಲಿ ರಾಂಟ್ಜನ್ ಏನೆಂದು ತಿಳಿಯದೆ ‘ಎಕ್ಸ್’ ಎಂದ. ಆ ತಿಳಿಯದ್ದಕ್ಕೆ ‘ಕ್ಷ’ ಎಂದು ಹಣೆಪಟ್ಟಿ ಹಚ್ಚಿದರೆ ಕನ್ನಡವಾಯಿತೇ? ಕಿರಣವಾದರೂ ಯಾರ ಮನೆಯದು? ಬಾಗಲಕೋಟೆಯ ಅಜ್ಜಿಯೂ ಎಕ್ಸ್‌ರೇ ಎನ್ನುತ್ತಾಳೆ. ಬಾಯಿಗೆ ಬಂದದ್ದು ನಮ್ಮದು.

ಪುಣೆಯಿಂದ:
ಭುಜವೂ ಅಜ್ಜಿಯ ಬಾಯಿಗೆ ಬಂದಿದೆಯಲ್ಲ ಸ್ವಾಮಿ.

ವಾಸ್ಕೋದಿಂದ:
ಸಂದು, ಚಾಚು, ಸವೆತ ಮೂರನ್ನೂ ತೆಗೆದುಕೊಂಡೆ. ಎಕ್ಸ್‌ರೇ ಹಾಗೆಯೇ ಇರಲಿ. ವೈದ್ಯರು ‘ಭುಜ’ವೇ ಬೇಕೆಂದರು, ಅಚ್ಚಿಗೆ ಹೋಯಿತು.

ಮಾಟುಂಗದಿಂದ:
ಹಾಗಿದ್ದರೆ ಕೇಳಿದ್ದೇಕೆ?