ರಿವಾಲ್ವರ್ ಸ್ಪರ್ಧೆಗೆ ಎರಕದ ಬುಲೆಟ್: ಮೊದಲು ಮೂತಿ ನೋಡಿ, ಆಮೇಲೆ ತೂಕ

ಪ್ರಶ್ನೆ: ನಮಸ್ಕಾರ ಸರ್. ಊರು ಹಾಸನ, ಈಗ ಇರುವುದು ಟೆಕ್ಸಾಸ್‌ನಲ್ಲಿ. ರಿವಾಲ್ವರ್‌ಗೇ ಮೀಸಲಾದ ಐಕೋರ್ ಪಂದ್ಯಗಳ ಕ್ಲಾಸಿಕ್ ವಿಭಾಗದಲ್ಲಿ ಆಡಲು ಶುರು ಮಾಡಿದ್ದೇನೆ. ಸ್ಮಿತ್ ಅಂಡ್ ವೆಸನ್ 686, ಆರು ಚೇಂಬರಿನದು. .38 ಸ್ಪೆಷಲ್ ಕೇಸಿಗೆ (ಬುಲೆಟ್ ಕೂರುವ ಲೋಹದ ಕೊಳವೆ) 158 ಗ್ರೇನ್ (ಬುಲೆಟ್ ತೂಕದ ಅಳತೆ) ಸೆಮಿ ವಾಡ್‌ಕಟರ್ ಬುಲೆಟ್ ಹಾಕಿ ಕಾರ್ಟ್ರಿಜ್ ನಾನೇ ಮಾಡಿಕೊಳ್ಳುತ್ತೇನೆ. ಗುರಿ ಚೆನ್ನಾಗಿಯೇ ಬೀಳುತ್ತಿದೆ. ಆದರೆ ಅವಸರದಲ್ಲಿ ರೀಲೋಡ್ ಮಾಡುವಾಗ ಒಂದೋ ಎರಡೋ ಕಾರ್ಟ್ರಿಜ್ ಚೇಂಬರಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತವೆ. ಆರನ್ನೂ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಬದಲಾಯಿಸಲೋ, ಬುಲೆಟ್ಟೋ?

ಉತ್ತರ: ನಮಸ್ಕಾರ. ಮೊದಲು ಬುಲೆಟ್ ಬದಲಾಯಿಸಿ. ಸೆಮಿ ವಾಡ್‌ಕಟರ್‌ಗೆ ಕೇಸಿನ ಬಾಯಿಯ ಹತ್ತಿರ ಚೂಪಾದ ಭುಜ ಇರುತ್ತದೆ. ಕಾಗದದಲ್ಲಿ ಅಚ್ಚುಕಟ್ಟಾದ ತೂತು ಬೀಳುವುದು ಅದರಿಂದಲೇ, ಚೇಂಬರಿನ ಅಂಚಿಗೆ ತಗುಲುವುದೂ ಅದೇ. ಸ್ಪೀಡ್‌ಲೋಡರ್‌ನಲ್ಲಿ ಆರೂ ಒಟ್ಟಿಗೆ ಒಳಗೆ ಹೋಗಬೇಕು. ಒಂದರ ಭುಜ ತಡೆದರೆ ಉಳಿದ ಐದೂ ಅಲ್ಲೇ ನಿಲ್ಲುತ್ತವೆ. ಉದ್ದ ಮೂತಿಯ ರೌಂಡ್ ನೋಸ್ ಹಾಗಲ್ಲ. ಕೈ ಸ್ವಲ್ಪ ಓರೆಯಾದರೂ ಮೂತಿಯ ತುದಿ ಚೇಂಬರಿಗೆ ಸಿಕ್ಕರೆ ಸಾಕು, ಮಿಕ್ಕ ದಾರಿಯನ್ನು ಅದೇ ಸರಿಪಡಿಸಿಕೊಳ್ಳುತ್ತದೆ. ನಿಮಗೆ 158 ಅಥವಾ 160 ಗ್ರೇನ್‌ನ ರೌಂಡ್ ನೋಸ್ ಹೇಳುತ್ತೇನೆ, ಅದರಲ್ಲೂ ಮೂತಿ ಮೊಂಡಾಗಿರದೆ ಮೊಟ್ಟೆಯ ಚೂಪು ತುದಿಯಂತೆ ಇಳಿಯುವಂಥದ್ದು. ತುದಿ ಕತ್ತರಿಸಿದ ಶಂಕುವಿನಾಕಾರದ್ದು ನಡುವಿನ ದಾರಿ. ಸೆಮಿ ವಾಡ್‌ಕಟರ್‌ಗಿಂತ ವಾಸಿ, ರೌಂಡ್ ನೋಸ್‌ನಷ್ಟಿಲ್ಲ.

ಬುಲೆಟ್ ಬದಲಾಯಿಸಿದ ಮೇಲೂ ಸಿಕ್ಕಿಕೊಂಡರೆ ಕ್ರಿಂಪ್ ನೋಡಿ. ಕೇಸಿನ ಬಾಯಿಯ ಅಂಚು ಪೂರ್ತಿ ಒಳಕ್ಕೆ ಮಡಚಿರಬೇಕು. ಉಗುರಿನಿಂದ ಸವರಿದರೆ ಅಂಚು ತಡೆಯಬಾರದು. ಅದು ಒಂಚೂರು ಹೊರಗಿದ್ದರೂ ಸಾಕು, ಎಂಥ ರೌಂಡ್ ನೋಸ್ ಆದರೂ ತಡವರಿಸುತ್ತದೆ.

ಚೇಂಬರಿನ ಬಾಯಿಯನ್ನು ಸ್ವಲ್ಪ ಇಳಿಜಾರು ಮಾಡಿಸುವವರಿದ್ದಾರೆ. ನಿಯಮ ಪುಸ್ತಕ ನೋಡಿಕೊಂಡು, ರಿವಾಲ್ವರ್ ಕೆಲಸ ಬಲ್ಲ ಗನ್‌ಸ್ಮಿತ್ ಕೈಯಲ್ಲೇ ಮಾಡಿಸಿ. ಖಾಲಿ ಕೇಸುಗಳನ್ನು ಹೊರಗೆ ತಳ್ಳುವ ಎಕ್ಸ್‌ಟ್ರಾಕ್ಟರ್ ನಕ್ಷತ್ರದ ಮೇಲೆ ಹೆಚ್ಚು ಉಜ್ಜಿದರೆ ಕೇಸಿನ ತಳದ ಅಂಚಿಗೆ (ರಿಮ್) ಆಧಾರ ತಪ್ಪಿ, ಖಾಲಿ ಕೇಸ್ ನಕ್ಷತ್ರದ ಅಡಿಗೆ ಜಾರುತ್ತದೆ. ಆ ಕ್ಷಣಕ್ಕೆ ಪಂದ್ಯದ ಆ ಸುತ್ತು (ಸ್ಟೇಜ್) ನಿಮ್ಮ ಪಾಲಿಗೆ ಮುಗಿದ ಹಾಗೆ.

ಸ್ಪೀಡ್‌ಲೋಡರ್ ಎರಡನೆಯ ಮಾತು. ಎಚ್‌ಕೆಎಸ್ ಕಂಪನಿಯದರಲ್ಲಿ ನಾಬ್ ತಿರುಗಿಸಬೇಕು, ಸಫಾರಿಲ್ಯಾಂಡ್‌ನದು ಒತ್ತಿದರೆ ಬಿಡುತ್ತದೆ. ಸ್ಪರ್ಧೆಗೆ ಒತ್ತುವುದೇ ಮೇಲು.

ಪ್ರಶ್ನೆ (ಇನ್ನೊಬ್ಬರು): ಅಣ್ಣ, 125 ಗ್ರೇನ್ ಹಗುರ ಬುಲೆಟ್ ಹಾಕಿದರೆ ಒದೆತ ಕಡಿಮೆ ಆಗಲ್ವಾ?

ಉತ್ತರ: ಪವರ್ ಫ್ಯಾಕ್ಟರ್, ಅಂದರೆ ಗುಂಡಿಗೆ ಇರಲೇಬೇಕಾದ ಕನಿಷ್ಠ ಬಲದ ಅಳತೆ, ಇರುವಲ್ಲಿ ಆ ಲೆಕ್ಕ ನಡೆಯುವುದಿಲ್ಲಪ್ಪ. ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗದಿಂದ ಗುಣಿಸಿ 1000ದಿಂದ ಭಾಗಿಸಿ. ಐಕೋರ್‌ಗೆ 120 ಬೇಕು, ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆ ಯುಎಸ್‌ಪಿಎಸ್‌ಎಯ ಕೆಳ ದರ್ಜೆಗೆ (ಮೈನರ್) 125. 125 ಗ್ರೇನ್ ಬುಲೆಟ್ 1000 ಅಡಿ ವೇಗದಲ್ಲಿ ಓಡಿದರೆ ತಾನೇ 125 ಬರುವುದು? 160 ಗ್ರೇನ್‌ಗೆ 800 ಅಡಿ ಸಾಕು, 128 ಬರುತ್ತದೆ. ಭಾರದ ಬುಲೆಟ್ ನಿಧಾನವಾಗಿ ತಳ್ಳುತ್ತದೆ, ಹಗುರದ್ದು ಚಟ್ಟನೆ ಬಡಿಯುತ್ತದೆ. ನನ್ನ ಕೈಗೆ ಮೊದಲನೆಯದೇ ಹಿತ. ಮೇಲಾಗಿ ಹಗುರ ಬುಲೆಟ್ಟಿನ ಮೂತಿ ಗಿಡ್ಡ, ಚೇಂಬರಿಗೆ ದಾರಿ ತೋರಿಸುವ ಉದ್ದ ಅದಕ್ಕಿಲ್ಲ. ಅಂಚಿನ ಲೆಕ್ಕ ಮಾತ್ರ ಬೇಡ: 160 ಗ್ರೇನ್ 780 ಅಡಿಗೆ ಇಳಿದರೆ 124.8. ಯುಎಸ್‌ಪಿಎಸ್‌ಎ ಪಂದ್ಯದಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ಎದುರು ಅದು ಫೇಲ್, ಅಂಕಗಳೇ ಸಿಗುವುದಿಲ್ಲ.

ಪ್ರಶ್ನೆ: ನನ್ನದು ಎಂಟು ಚೇಂಬರಿನ ಸ್ಮಿತ್ ಅಂಡ್ ವೆಸನ್ 627, ಎಂಟನ್ನೂ ಒಟ್ಟಿಗೆ ಹಿಡಿಯುವ ಲೋಹದ ಬಿಲ್ಲೆ ಮೂನ್‌ಕ್ಲಿಪ್ ಬಳಸುವಂಥದ್ದು. .38 ಶಾರ್ಟ್ ಕೋಲ್ಟ್ ಕೇಸ್ ಒಳ್ಳೆಯದು ಅಂತಾರೆ, ಹೌದಾ?

ಉತ್ತರ: ಹೌದು. .38 ಸ್ಪೆಷಲ್ ಕೇಸಿನ ಉದ್ದ 1.155 ಇಂಚು, ಇದರದು 0.765. ಗಿಡ್ಡವಾದ್ದರಿಂದ ಬೇಗ ಒಳಗೆ ಬೀಳುತ್ತದೆ, ರಾಡ್ ಒತ್ತಿದರೆ ಪೂರ್ತಿ ಹೊರಗೆ ಬರುತ್ತದೆ. ಅಮೆರಿಕದ ರಿವಾಲ್ವರ್ ಶೂಟರ್ ಜೆರ್ರಿ ಮಿಕುಲೆಕ್ 1999ರಲ್ಲಿ ಆರು ಹೊಡೆದು, ರೀಲೋಡ್ ಮಾಡಿ, ಮತ್ತೆ ಆರು ಹೊಡೆದದ್ದು 2.99 ಸೆಕೆಂಡಿನಲ್ಲಿ. ಅವರ ಕೈಚಳಕದ ಜತೆಗೆ ಮೂನ್‌ಕ್ಲಿಪ್‌ನಲ್ಲಿದ್ದ .45 ಎಸಿಪಿಯ ಗಿಡ್ಡ ಕೇಸ್, ಉರುಟು ಮೂತಿ ಇವೂ ನೆರವಾಗಿವೆ.

ಎಚ್ಚರ: ಶಾರ್ಟ್ ಕೋಲ್ಟ್ ಕೇಸಿನ ಒಳಗೆ ಜಾಗ ಬಹಳ ಕಡಿಮೆ. .38 ಸ್ಪೆಷಲ್‌ನ ಮದ್ದಿನ ಪುಡಿಯ ಅಳತೆಯನ್ನು ಇದಕ್ಕೆ ಹಾಕಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಈ ಕೇಸಿಗೆಂದೇ ಪ್ರಕಟವಾದ ಅಳತೆ ಬಿಟ್ಟು ಬೇರೇನೂ ಬೇಡ. ಗಿಡ್ಡ ಕೇಸ್ ಹೊಡೆದಷ್ಟೂ ಚೇಂಬರಿನ ಒಳಗೆ ಮಸಿಯ ಉಂಗುರ ಕಟ್ಟುತ್ತದೆ, ಬ್ರಷ್ ಹಾಕುತ್ತಿರಿ.

ಪ್ರಶ್ನೆ: ಬೆಂಗಳೂರಿಂದ ಕೇಳ್ತಿದ್ದೀನಿ ಸರ್. ನಮ್ಮ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯ ಶೂಟರ್‌ಗಳು ಮೂತಿ ಚಪ್ಪಟೆಯಿರುವ ವಾಡ್‌ಕಟರ್ರೇ ಬಳಸ್ತಾರಲ್ಲ, ಅದು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ. 25 ಮೀಟರ್ ಸೆಂಟರ್ ಫೈರ್‌ನಲ್ಲಿ ಒಂದು ಸರಣಿಗೆ ಐದು ಗುಂಡು. ಹೊಡೆಯುತ್ತಿರುವಾಗ ರೀಲೋಡ್ ಮಾಡುವ ಮಾತೇ ಇಲ್ಲ. ಕಾಗದದ ತೂತು ಸ್ವಚ್ಛವಾಗಿದ್ದರೆ ಅಂಕ ಎಣಿಸುವಾಗ ಅನುಮಾನ ಉಳಿಯುವುದಿಲ್ಲ. ಅಲ್ಲಿಗೆ .32 ವಾಡ್‌ಕಟರ್ ಸರಿಯಾದದ್ದೇ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 590 ಹೊಡೆದು ವಿಶ್ವದಾಖಲೆ ಸಮ ಮಾಡಿದ್ದು ಇದೇ ಸ್ಪರ್ಧೆಯಲ್ಲಿ.

ಪ್ರಶ್ನೆ (ಹಾಸನದವರು): ಸರ್, ರೌಂಡ್ ನೋಸ್‌ಗೆ ಆರ್ಡರ್ ಹಾಕುತ್ತೇನೆ. ಬರಿ ಸೀಸದ್ದೋ, ಬಣ್ಣದ ಲೇಪ ಇರುವುದೋ?

ಉತ್ತರ: ಲೇಪ ಇರುವುದು. ಮೇಣ ಹಚ್ಚಿದ ಬುಲೆಟ್ ಹೊಗೆ ಹೆಚ್ಚು ಮಾಡುತ್ತದೆ, ಚೇಂಬರನ್ನು ಅಂಟಂಟು ಮಾಡುತ್ತದೆ. ವ್ಯಾಸ .358 ಇಂಚು ತರಿಸಿ, ಸಿಲಿಂಡರಿನ ಮುಂಬಾಯಲ್ಲಿ ಬೆರಳಿಂದ ಒತ್ತಿ ನೋಡಿ. ಲಘುವಾಗಿ ತಡೆದು ದಾಟಬೇಕು. ಸಡಿಲ ಬಿದ್ದರೆ ನಳಿಗೆಯಲ್ಲಿ ಸೀಸ ಹತ್ತುತ್ತದೆ. ಬಂದ ಡಬ್ಬದಲ್ಲಿ ಹನ್ನೆರಡನ್ನು ಎತ್ತಿಟ್ಟು, ಪ್ರೈಮರ್ ಇಲ್ಲದೆ, ಪುಡಿ ಇಲ್ಲದೆ, ಅದೇ ಉದ್ದ ಅದೇ ಕ್ರಿಂಪ್‌ನಲ್ಲಿ ಡಮ್ಮಿ ಮಾಡಿಕೊಳ್ಳಿ. ನಿಜವಾದ ಒಂದೂ ಕಾರ್ಟ್ರಿಜ್ ಇಲ್ಲದ ಕೋಣೆಯಲ್ಲಿ ಅವುಗಳಿಂದಲೇ ರೀಲೋಡ್ ಅಭ್ಯಾಸ ಮಾಡಿ. ಸೀಸ ಮುಟ್ಟಿದ ಮೇಲೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ರೇಂಜಿಗೆ ಹಾಕಿಕೊಂಡ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.