ಬಿಸಿಲಿಗೆ ಸ್ಟಾರ್ಟ್ ಆಗದ ಪೋರ್ಷೆ 944: ರಿಲೇ ಬಗ್ಗೆ ಪ್ರಶ್ನೋತ್ತರ

ಗ್ರೂಪ್ ಅಡ್ಮಿನ್: ಇವತ್ತು ಉತ್ತರ ಕೊಡುವವರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೆಲಸ ಕಲಿತು, ಈಗ ಟೆಕ್ಸಾಸ್‌ನಲ್ಲಿ ಹಳೇ ಜರ್ಮನ್ ಕಾರುಗಳ ವೈರಿಂಗ್ ನೋಡೋ ನಮ್ಮ ಎಲೆಕ್ಟ್ರಿಷಿಯನ್. ಕಾರು, ವರ್ಷ, ತೊಂದರೆ ಬರೆದು ಕೇಳಿ.

ಡಲ್ಲಾಸ್: ಅಣ್ಣಾ, 1987ರ 944, ಟರ್ಬೋ ಅಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ. ನಿನ್ನೆ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಬಂದರೆ ಸೆಲ್ಫ್ ತಿರುಗ್ತಿದೆ, ಎಂಜಿನ್ ಹಿಡೀತಿಲ್ಲ. ಮಗಳು ಜೊತೆಗಿದ್ದಳು. ಮುಕ್ಕಾಲು ಗಂಟೆ ಕಾದ ಮೇಲೆ ತಾನಾಗೇ ಸ್ಟಾರ್ಟ್ ಆಯ್ತು. ಡಿಎಂಇ ರಿಲೇ (ಎಂಜಿನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಬಿಡೋ ಸ್ವಿಚ್) ಹೋಗಿದೆ ಅಂತಾರೆ. ಹೊಸದು ತರಿಸಿ ಹಾಕಿಬಿಡಲಾ?

ಎಲೆಕ್ಟ್ರಿಷಿಯನ್: ನನಗೂ ರಿಲೇ ಮೇಲೇ ಅನುಮಾನ. ಆದರೆ ಮೊದಲು ಒಂದು ಮಾತು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು? ಬಿಲ್ ಇಲ್ಲದಿದ್ದರೆ ಸೆಲ್ಫ್ ಹೊಡೆಯೋದು ಈಗಲೇ ನಿಲ್ಲಿಸಿ. ಈ ಎಂಜಿನ್ನಿನಲ್ಲಿ ಬೆಲ್ಟ್ ಕೈಕೊಟ್ಟರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಆ ಪುಟ್ಟ ಡಬ್ಬಿಯೊಳಗೆ ಎರಡು ರಿಲೇ ಇವೆ. ಒಂದು ಎಂಜಿನ್ ಕಂಪ್ಯೂಟರಿಗೆ ಕರೆಂಟ್ ಕೊಡುತ್ತೆ. ಇನ್ನೊಂದು ಪೆಟ್ರೋಲ್ ಪಂಪಿನದು. ಎಂಜಿನ್ ತಿರುಗ್ತಿದೆ ಅಂತ ಕಂಪ್ಯೂಟರಿಗೆ ಗೊತ್ತಾದಾಗ ಮಾತ್ರ ಅದು ಆನ್ ಆಗುತ್ತೆ. ಎಂಜಿನ್ ನಿಂತರೆ ಪಂಪೂ ನಿಲ್ಲಲಿ ಅಂತಲೇ ಈ ಏರ್ಪಾಡು. ಇಷ್ಟು ವರ್ಷ ಬಿಸಿಯಾಗಿ, ತಣ್ಣಗಾಗಿ, ಒಳಗಿನ ಸೋಲ್ಡರ್ ಪಿನ್ನಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತೆ. ಬಿಸಿಲಿಗೆ ಬಿರುಕು ಅಗಲವಾಗಿ ಕರೆಂಟ್ ತಪ್ಪುತ್ತೆ, ತಣ್ಣಗಾದರೆ ಮತ್ತೆ ಕೂಡುತ್ತೆ.

ಕಾರು ಕೈಕೊಟ್ಟ ಹೊತ್ತಿನಲ್ಲೇ ಸೆಲ್ಫ್ ಹೊಡೆದು ಆರ್‌ಪಿಎಂ ಮುಳ್ಳು ನೋಡಿ. ಮುಳ್ಳು ಸ್ವಲ್ಪ ಕುಣಿದರೆ ಕಂಪ್ಯೂಟರ್ ಕೆಲಸ ಮಾಡ್ತಿದೆ, ಪಂಪಿನ ಕಡೆ ಹುಡುಕಿ. ಅಲುಗಾಡದಿದ್ದರೆ ಕಂಪ್ಯೂಟರಿನ ಕಡೆಯ ರಿಲೇ ಇರಬಹುದು, ಎಂಜಿನ್ ತಿರುಗೋದನ್ನು ಕಂಪ್ಯೂಟರಿಗೆ ತಿಳಿಸೋ, ಫ್ಲೈವೀಲ್ ಹತ್ತಿರದ ಸೆನ್ಸರ್ರೂ ಇರಬಹುದು. ಸೆನ್ಸರ್ ಆದರೆ ಹೊಸ ರಿಲೇ ಹಾಕಿಯೂ ದಾರೀಲಿ ನಿಲ್ಲುತ್ತೀರಿ.

ಹುಬ್ಬಳ್ಳಿ: ಸರ್, ನಮ್ದು 2000ದ ಹೋಂಡಾ ಸಿಟಿ ವಿಟೆಕ್. ಅದ ಕಥಿ. ಬಿಸ್ಲಾಗ ನಿಂತ್ರ ಚಾಲೂ ಆಗೂದಿಲ್ರಿ.

ಎಲೆಕ್ಟ್ರಿಷಿಯನ್: ಹೋಂಡಾದಲ್ಲಿ ಅದಕ್ಕೆ ಮೇನ್ ರಿಲೇ ಅಂತಾರೆ. ರೋಗ ಒಂದೇ. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಪಂಪ್ ಗುಂಯ್ ಅನ್ನಬೇಕು. ಬಿಸಿಲಲ್ಲಿ ಅನ್ನದಿದ್ದರೆ ರಿಲೇ ಬಿಚ್ಚಿ ನೋಡಿ.

ಮೈಸೂರು: ವಾಟ್ಸಾಪಿನಲ್ಲಿ ಬಂದದ್ದು: "944 ರಿಲೇ ಕಿತ್ತೆಸೆದು 30, 87, 87ಬಿ ಮೂರನ್ನೂ ವೈರಿನಿಂದ ಜೋಡಿಸಿ. ಇನ್ನು ರಿಲೇ ಖರ್ಚೇ ಇಲ್ಲ." ಎಲ್ಲರಿಗೂ ಉಪಯೋಗ ಆಗಲಿ.

ಎಲೆಕ್ಟ್ರಿಷಿಯನ್: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಕಾರು ಸ್ಟಾರ್ಟ್ ಆಗುತ್ತೆ, ಅದಕ್ಕೇ ಜನ ನಂಬುತ್ತಾರೆ. ಇವು ರಿಲೇ ಪಿನ್ನುಗಳ ನಂಬರು: 30ಕ್ಕೆ ಬ್ಯಾಟರಿಯಿಂದ ನೇರ ಕರೆಂಟ್, 87 ಕಂಪ್ಯೂಟರಿಗೆ, 87ಬಿ ಪಂಪಿಗೆ. ಕೀ ತೆಗೆದರೂ ಪಂಪ್ ಓಡ್ತಾನೇ ಇರುತ್ತೆ. ಎಲ್ಲಾದರೂ ಗುದ್ದಿ ಪೆಟ್ರೋಲ್ ಪೈಪ್ ಕಿತ್ತರೆ, ಎಂಜಿನ್ ನಿಂತ ಮೇಲೂ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರೀತಾ ಇರುತ್ತೆ. ಪರೀಕ್ಷೆಗೆ ಫ್ಯೂಸ್ ಇರೋ ಜಂಪರ್ ವೈರ್ ಹಾಕಿ, ಪಕ್ಕದಲ್ಲೇ ನಿಂತು, ಅರ್ಧ ನಿಮಿಷದಲ್ಲಿ ತೆಗೆಯಬೇಕು. ಅದನ್ನೇ ಹಾಕಿಕೊಂಡು ರಸ್ತೆಗೆ ಹೋಗಬಾರದು.

ಮಂಗಳೂರು: ದುಬೈಯಲ್ಲಿ ನನ್ನ ಫ್ರೆಂಡ್ ಎರಡು ವರ್ಷದಿಂದ ವೈರ್ ಹಾಕಿಯೇ ಓಡಿಸ್ತಾ ಇದ್ದಾನೆ ಮಾರಾಯ್ರೆ, ಎಂತ ಆಗ್ಲಿಲ್ಲ.

ಡಲ್ಲಾಸ್: ಇಲ್ಲೀವರೆಗೆ ಆಗಿಲ್ಲ ಅಷ್ಟೇ. ನಾನು ಮಗಳನ್ನ ಕೂರಿಸ್ಕೊಂಡು ಹೋಗೋ ಕಾರಿದು.

ಮೈಸೂರು: ಒಳ್ಳೇದಕ್ಕೆ ಕಳಿಸಿದರೆ ಹೀಗಾ? ಅಮೆರಿಕಕ್ಕೆ ಹೋದವರಿಗೆ ಎಲ್ಲದಕ್ಕೂ ಭಯ.

ಎಲೆಕ್ಟ್ರಿಷಿಯನ್: ಊರಿನ ಮಾತು ಬೇಡ. ಫ್ಯೂಸ್ ಜಾಗಕ್ಕೆ ತಂತಿ ಸುತ್ತಿದ್ದಕ್ಕೆ ಜೆ.ಸಿ. ರಸ್ತೆಯಲ್ಲೇ ನನ್ನ ಗುರುಗಳು ಬೈದಿದ್ದರು.

ತುಮಕೂರು: ರಿಲೇನ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತಂತೆ, ನಿಜವಾ?

ಎಲೆಕ್ಟ್ರಿಷಿಯನ್: ಒಂದು ಸಲ ಸ್ಟಾರ್ಟ್ ಆಗಬಹುದು. ಯಾಕೆ ಅಂತ ಮೇಲೆ ಬರೆದಿದ್ದೇನೆ.

ದಾವಣಗೆರೆ: ಚೀನಾ ರಿಲೇ ಎಷ್ಟು ದಿನ ಬಾಳಿಕೆ ಬರುತ್ತೆ ಸರ್?

ಶಿವಮೊಗ್ಗ: ಸರ್ ನನ್ನ ಕಾರೂ ಸ್ಟಾರ್ಟ್ ಆಗ್ತಿಲ್ಲ. ರಿಲೇನಾ?

ಎಲೆಕ್ಟ್ರಿಷಿಯನ್: ಯಾವ ಕಾರು, ಯಾವ ವರ್ಷ, ಸೆಲ್ಫ್ ತಿರುಗುತ್ತಾ? ಮೇಲಿನದು ಓದಿ ಆಮೇಲೆ ಕೇಳಿ.

ಹುಬ್ಬಳ್ಳಿ: ಬಿಚ್ಚೀನ್ರಿ. ಹಳೇದಕ್ಕ ಸೋಲ್ಡರ್ ಹಾಕಿದ್ರ ನಡೀತದೇನ್ರಿ?

ಎಲೆಕ್ಟ್ರಿಷಿಯನ್: ನಡೆಯುತ್ತೆ. ಹಳೇ ಸೋಲ್ಡರ್ ಪೂರ್ತಿ ಎಳೆದು ತೆಗೆದು ಹೊಸದು ಹಾಕಿ. ಆಸಿಡ್ ಫ್ಲಕ್ಸ್ ಬೇಡ, ಪಿನ್ ತಿನ್ನುತ್ತೆ. ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೆ ಸೋಲ್ಡರಿನಿಂದ ಪ್ರಯೋಜನ ಇಲ್ಲ, ಹೊಸದೇ ಬೇಕು.

ಮಂಗಳೂರು: ಇಷ್ಟೆಲ್ಲ ರಗಳೆಗೆ ಒಂದು ವೈರ್ ಸಾಕಿತ್ತು.

ಎಲೆಕ್ಟ್ರಿಷಿಯನ್: ವೈರಿನ ಮಾತು ಮತ್ತೆ ಬಂದರೆ ನಾನು ಉತ್ತರಿಸೋದಿಲ್ಲ.

ಡಲ್ಲಾಸ್: ಅಣ್ಣಾ, ಬೆಲ್ಟ್ ಹೋದ ವರ್ಷದ್ದು, ಬಿಲ್ ಸಿಕ್ತು. ಈಗ ಮಧ್ಯಾಹ್ನ ಮತ್ತೆ ಕೈಕೊಟ್ಟಿತು. ಮುಳ್ಳು ಕುಣೀತು, ಪಂಪ್ ಸದ್ದಿಲ್ಲ. ರಿಲೇ ಕವರ್ ತೆಗೆದು ಭೂತಗನ್ನಡಿ ಹಿಡಿದರೆ 87ಬಿ ಬುಡದ ಸೋಲ್ಡರ್ ಮೇಲೆ ಸಣ್ಣ ಕಪ್ಪು ಉಂಗುರ. ಉಗುರಲ್ಲಿ ತಳ್ಳಿದರೆ ಪಿನ್ ಅಲ್ಲಾಡತ್ತೆ.

ಎಲೆಕ್ಟ್ರಿಷಿಯನ್: ಸಿಕ್ಕಿತು, ಅದೇ. ರೇಡಿಯೋ ಕೋಡ್ (ಬ್ಯಾಟರಿ ಬಿಚ್ಚಿದರೆ ಮತ್ತೆ ಕೇಳಬಹುದು) ಬರೆದಿಟ್ಟುಕೊಂಡು ಬ್ಯಾಟರಿ ಮೈನಸ್ ಬಿಚ್ಚಿ, ಹೊಸ ರಿಲೇ ನೇರವಾಗಿ ಒತ್ತಿ ಕೂರಿಸಿ. ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿದ್ದರೆ ಹಾಕಬೇಡಿ, ನನಗೆ ಫೋಟೋ ಕಳಿಸಿ. ಹಳೇದಕ್ಕೆ ಸೋಲ್ಡರ್ ಹಾಕಿ ಗ್ಲೋವ್ ಬಾಕ್ಸಿನಲ್ಲಿಡಿ. ನಾಳೆ ಬೆಳಿಗ್ಗೆ ಸ್ಟಾರ್ಟ್ ಆದರೆ ಲೆಕ್ಕಕ್ಕಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ, ಮಗಳನ್ನು ಕರೆದೊಯ್ಯದೆ ಒಬ್ಬರೇ ನೋಡಿ, ಆಮೇಲೆ ಬರೆಯಿರಿ.