ವೆಂಡರ್ ಪೇರೋಲಾ, ಸ್ವಂತ ಬಿಲ್ಲಾ, ಪ್ರೈವೇಟ್ ಲಿಮಿಟೆಡ್ಡಾ? ಪುಣೆಯೊಳಗ 12 ತಿಂಗಳ ಕಾಂಟ್ರ್ಯಾಕ್ಟ್

ವಾಕಡ್_ಹುಬ್ಬಳ್ಳಿ:
ನಮಸ್ಕಾರ್ರೀ ಎಲ್ಲಾರಿಗೂ. ಖರಾಡಿಯ ಒಂದು ಕಂಪನಿಗೆ ಜಾವಾ ಬ್ಯಾಕೆಂಡ್ ಕೆಲಸ, 12 ತಿಂಗಳ ಕಾಂಟ್ರ್ಯಾಕ್ಟ್. ಕ್ಲೈಂಟ್ ತಿಂಗಳಿಗೆ 1,80,000 ಕೊಡ್ತಾರ. ಅವರ ಸ್ಟಾಫಿಂಗ್ ವೆಂಡರ್ (ಮಂದಿ ಒದಗಿಸೋ ಏಜೆನ್ಸಿ) ಪೇರೋಲ್ ಮ್ಯಾಲೆ ಹೋದ್ರ ವೆಂಡರ್ 10% ಮಾರ್ಜಿನ್ ಹಿಡಿದು ಸಿಟಿಸಿ, ಅಂದ್ರ ನನ್ನ ಮ್ಯಾಲಿನ ಒಟ್ಟು ಖರ್ಚು, 1,62,000. ಇಲ್ಲಾಂದ್ರ ನಾನೇ ಜಿಎಸ್‌ಟಿ ಬಿಲ್ ಹಾಕಬೇಕು. ಗೆಳೆಯಾರು ‘ಪ್ರೈವೇಟ್ ಲಿಮಿಟೆಡ್ ಮಾಡು, ಟ್ಯಾಕ್ಸ್ ಉಳೀತದ’ ಅಂತಾರ. ಯೂಟ್ಯೂಬ್‌ದಾಗ ನೋಡಿದ್ರ ಅಂಬ್ರೆಲಾ ಕಂಪನಿ, ಐಆರ್35 ಅಂತ ಏನೇನೋ ಬರ್ತಾವ. ಇರೋದು ವಾಕಡ್‌ದಾಗ, ಬಾಡಿಗಿ ಫ್ಲ್ಯಾಟ್. ಹುಬ್ಬಳ್ಳಿ ಮನಿಯಿಂದ ತಿಂಗಳಿಗೆ 12,000 ಬಾಡಿಗಿ ಬರ್ತದ. ಮುಂದಿನ ವರ್ಷ ಮನಿ ಸಾಲ ತಗೊಳ್ಳೋ ವಿಚಾರ ಅದ. ಕೈಗೆ ಯಾವುದ್ರಾಗ ಎಷ್ಟು ಬರ್ತದ, ಎಲ್ಲಿ ಸಿಕ್ಕಿ ಬೀಳ್ತೀನಿ, ಬಿಡಿಸಿ ಹೇಳ್ರಿ.

ಲೆಕ್ಕದ_ಪುಸ್ತಕ:
ಮೊದಲು ಯೂಟ್ಯೂಬ್ ಬದಿಗಿಡಿ. ಅಂಬ್ರೆಲಾ, ಐಆರ್35 ಎರಡೂ ಬ್ರಿಟನ್ನಿನ ಮಾತು. ಐಆರ್35 ಅಂದರೆ ನೌಕರನಂತೆಯೇ ದುಡಿಯುವ ಕಾಂಟ್ರ್ಯಾಕ್ಟರಿಗೆ ನೌಕರನ ತೆರಿಗೆಯನ್ನೇ ಹಾಕುವ ನಿಯಮ. ಅಲ್ಲಿ ಅಂಬ್ರೆಲಾ ಕಂಪನಿ ಕಾಂಟ್ರ್ಯಾಕ್ಟರನ್ನು ನೌಕರನನ್ನಾಗಿ ಇಟ್ಟುಕೊಂಡು, ಮಾಲೀಕರು ಕಟ್ಟಬೇಕಾದ 15% ನ್ಯಾಷನಲ್ ಇನ್ಶೂರೆನ್ಸನ್ನೂ ಕ್ಲೈಂಟ್ ಕೊಟ್ಟ ದರದೊಳಗಿಂದಲೇ ತೆಗೆಯುತ್ತದೆ. ನಮ್ಮ ವೆಂಡರ್ ಪೇರೋಲ್ ಅದರ ತಮ್ಮ. ಇಲ್ಲಿ ತೆಗೆಯುವುದು ಪಿಎಫ್ ಮತ್ತು ಗ್ರ್ಯಾಚುಯಿಟಿ.

ಕೆಳಗಿನ ಲೆಕ್ಕ 2025-26ರ ಆದಾಯ ತೆರಿಗೆಯ ಹೊಸ ಪದ್ಧತಿಯ ದರದ್ದು, ಪೂರ್ತಿ 12 ತಿಂಗಳು ಒಂದೇ ಆರ್ಥಿಕ ವರ್ಷದಲ್ಲಿ ಬಿದ್ದರೆ. ಸೆಕ್ಷನ್, ಫಾರ್ಮುಗಳಿಗೆ ಹಳೆಯ ನಂಬರೇ ಹಾಕಿದ್ದೇನೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ನಂಬರುಗಳು ಬದಲಾದರೂ ಸಿಎಗಳ ಬಾಯಲ್ಲಿ ಹಳೆಯದೇ ಓಡುತ್ತದೆ.

ಪೇರೋಲ್: ವರ್ಷಕ್ಕೆ ಸಿಟಿಸಿ 19,44,000. ಅದರಲ್ಲಿ ಮಾಲೀಕರ ಪಾಲಿನ ಪಿಎಫ್ 1,800, ಇಡಿಎಲ್ಐ (ಪಿಎಫ್ ಜೊತೆಗಿನ ಜೀವ ವಿಮೆ) ಮತ್ತು ಆಡಳಿತ ಶುಲ್ಕ 150, ಅಂದರೆ ತಿಂಗಳಿಗೆ 1,950. ಬೇಸಿಕ್ ಅರ್ಧ ಇಟ್ಟಿದ್ದರೆ 4.81% ಗ್ರ್ಯಾಚುಯಿಟಿ ವರ್ಷಕ್ಕೆ ಸುಮಾರು 46,750. ಉಳಿದ ಸಂಬಳ 18.74 ಲಕ್ಷ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆ, ಸೆಸ್ ಸೇರಿ 1.66 ಲಕ್ಷ (ಹುಬ್ಬಳ್ಳಿ ಬಾಡಿಗೆಯ ಮೇಲಿನ ತೆರಿಗೆ ಬೇರೆ). ನಿಮ್ಮ ಪಾಲಿನ ಪಿಎಫ್ 21,600, ಮಹಾರಾಷ್ಟ್ರದ ಪ್ರೊಫೆಶನ್ ಟ್ಯಾಕ್ಸ್ 2,500 (ತಿಂಗಳಿಗೆ 200, ಫೆಬ್ರುವರಿಯಲ್ಲಿ 300). ಕೈಗೆ ತಿಂಗಳಿಗೆ ಸುಮಾರು 1,40,300.

ಸ್ವಂತ ಹೆಸರಲ್ಲಿ ಬಿಲ್: ವರ್ಷಕ್ಕೆ 21.6 ಲಕ್ಷ. 44ಎಡಿಎ (ವೃತ್ತಿಯವರು ಖರ್ಚಿನ ಲೆಕ್ಕ ತೋರಿಸದೆ ಫೀಯ ಅರ್ಧವನ್ನೇ ಆದಾಯವೆಂದು ತೋರಿಸಬಹುದಾದ ಸೆಕ್ಷನ್) ಹಿಡಿದರೆ ಅರ್ಧ ಮಾತ್ರ ಆದಾಯ, 10.8 ಲಕ್ಷ. ಹುಬ್ಬಳ್ಳಿ ಬಾಡಿಗೆ 1,44,000ಕ್ಕೆ 30% ಕಳೆದು 1,00,800 ಸೇರಿಸಿ: 11,80,800. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ 87ಎ ರಿಬೇಟ್ (ತೆರಿಗೆ ಮಾಫಿ) ಇರುವುದರಿಂದ ತೆರಿಗೆ ಸೊನ್ನೆ. ಬ್ಯಾಂಕ್ ಬಡ್ಡಿ 19,200 ದಾಟಿತೋ ಗೆರೆ ದಾಟುತ್ತೀರಿ. ಆದರೆ ಗಾಬರಿ ಬೇಡ, ಮಾರ್ಜಿನಲ್ ರಿಲೀಫ್ ಇರುವುದರಿಂದ ಆ ಮೇಲಿನ ಮೊತ್ತಕ್ಕಿಂತ ಹೆಚ್ಚು ತೆರಿಗೆ ಬೀಳುವುದಿಲ್ಲ (ಸೆಸ್ ಬೇರೆ). 44ಎಡಿಎ 50 ಲಕ್ಷದವರೆಗೆ. ನಗದು 5% ಮೀರದಿದ್ದರೆ 75 ಲಕ್ಷದವರೆಗೆ. ಐಟಿ ವೃತ್ತಿ ಇದರೊಳಗೆ ಬರುತ್ತದೆ.

ಈಗ ಒಂದು ಬಿಲ್ಲು ನೋಡಿ. ಫೀ 1,80,000, ಜಿಎಸ್‌ಟಿ 18% ಅಂದರೆ 32,400. ಕ್ಲೈಂಟ್ ವೃತ್ತಿ ಫೀಯ ಸೆಕ್ಷನ್ 194ಜೆ ಅಡಿ ಫೀ ಮೇಲೆ ಮಾತ್ರ 10%, 18,000 ಟಿಡಿಎಸ್ (ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತಾನೆ. ಖಾತೆಗೆ ಬೀಳುವುದು 1,94,400. ಅದರಲ್ಲಿ 32,400 ಸರ್ಕಾರದ್ದು, ನಿಮ್ಮದು 1,62,000. ಹಿಡಿದ 2,16,000 ರಿಟರ್ನ್ ತುಂಬಿದ ಮೇಲೆ ರಿಫಂಡ್. ಅಷ್ಟು ದಿನ ಕಾಯಲಾಗದು ಅಂದರೆ ಕಡಿಮೆ ಟಿಡಿಎಸ್‌ಗೆ ಫಾರ್ಮ್ 13 ಅರ್ಜಿ ಇದೆ. ಕ್ಲೈಂಟ್ ‘194ಸಿ ಅಡಿ 1% ಹಿಡೀತೀವಿ’ ಅಂದರೆ ಹಿಗ್ಗಬೇಡಿ. ಅದು ಗುತ್ತಿಗೆ ವ್ಯಾಪಾರದ ಸೆಕ್ಷನ್. ನೀವು ವೃತ್ತಿ ಎಂದು 44ಎಡಿಎ ತುಂಬಿದಾಗ ಎರಡೂ ತಾಳೆ ಆಗದೆ ಪ್ರಶ್ನೆ ಬರುತ್ತದೆ.

ಸಿಕ್ಕಿ ಬೀಳುವುದು ಜಿಎಸ್‌ಟಿಯಲ್ಲಿ. ಬಿಲ್ ಹಾಕಿದ ತಿಂಗಳ ತೆರಿಗೆ ಮುಂದಿನ ತಿಂಗಳು 20ರೊಳಗೆ ಕಟ್ಟಬೇಕು, ಕ್ಲೈಂಟ್ ದುಡ್ಡು ಕೊಟ್ಟಿರಲಿ ಬಿಡಲಿ. ಅವನು 60 ದಿನ ಎಳೆದರೆ ನಿಮ್ಮ ಕಿಸೆಯಿಂದ 64,800 ಹೋಗಿರುತ್ತದೆ. ತಡವಾದರೆ ವರ್ಷಕ್ಕೆ 18% ಬಡ್ಡಿ, ದಿನಕ್ಕೆ 50 ರೂಪಾಯಿ ಲೇಟ್ ಫೀ. ಜಿಎಸ್‌ಟಿ ದುಡ್ಡಿಗೆ ಬೇರೆ ಖಾತೆ ಇಡಿ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿಯನ್ನೂ ಮಾಡಿಸಿಕೊಳ್ಳಿ. ಆಮೇಲೆ ಬರಹದ ಕರಾರು ಇದ್ದರೂ 45 ದಿನ ಮೀರಿ ಪಾವತಿ ಎಳೆದರೆ, 43ಬಿ(ಎಚ್) ಪ್ರಕಾರ ಕ್ಲೈಂಟ್‌ಗೆ ಆ ಖರ್ಚು ಪಾವತಿ ಮಾಡಿದ ವರ್ಷದಲ್ಲೇ ಸಿಗುವುದು. ಅವರ ಅಕೌಂಟ್ಸ್ ವಿಭಾಗಕ್ಕೆ ಈ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ.

ಬಾಣೇರ್_ಅಕ್ಕ:
ಲೆಕ್ಕ ಸರಿ ಅದ ಸರ್. ಆದ್ರ ಮನಿ ಸಾಲದ ಮಾತು ಬಿಟ್ಟು ಹೋಗೇದ. ಪೇರೋಲ್ ಆದ್ರ ಸಂಬಳ ಚೀಟಿ, ಫಾರ್ಮ್ 16 ತೋರಿಸಿದ್ರ ಬ್ಯಾಂಕ್‌ನವರು ಮಾತಾಡ್ತಾರ. ಸ್ವಂತ ಬಿಲ್ ಅಂದ್ರ ಸಾಮಾನ್ಯವಾಗಿ ಎರಡು-ಮೂರು ವರ್ಷದ ರಿಟರ್ನ್ ಕೇಳ್ತಾರ, ಅದರಾಗೂ ಕಾಣೋದು 10.8 ಲಕ್ಷದ ಆದಾಯ, 21.6 ಅಲ್ಲ. ತಮ್ಮಾ, ಸಾಲ ಮುಂದಿನ ವರ್ಷನ ಬೇಕು ಅನ್ನೋದು ಖರೆ ಇದ್ರ, ತಿಂಗಳಿಗೆ 40 ಸಾವಿರ ಕಡಿಮಿ ಬಂದ್ರೂ ಪೇರೋಲ್ ಹಿಡಿ.

ಹಂಗ ಹೋದ್ರ ಆಫರ್ ಲೆಟರ್‌ದಾಗ ಇವನ್ನ ಹುಡುಕು. ‘ವೇರಿಯಬಲ್’ ಅಥವಾ ‘ಕಂಪ್ಲೀಶನ್ ಬೋನಸ್’ ಅಂತ ಸಿಟಿಸಿಯೊಳಗ ಎಷ್ಟು ಅಡಗಿಸ್ಯಾರ? ನೋಟಿಸ್ ನಿನಗ 60 ದಿನ, ಅವರಿಗೆ 7 ದಿನ ಅಂತ ಇರ್ತದ. ಎರಡೂ ಕಡೆ ಒಂದೇ ಮಾಡಿಸು. ಕ್ಲೈಂಟ್ ಟೈಮ್‌ಶೀಟ್ ಒಪ್ಪೋ ತನಕ ಸಂಬಳ ತಡೀತಾರೇನು? ಗ್ರ್ಯಾಚುಯಿಟಿ ಸಿಟಿಸಿಯಿಂದ ಕಳದು ಐದು ವರ್ಷ ಆಗಿಲ್ಲ ಅಂತ ಕೊಡದೇ ಬಿಡೋದು ಹಳೇ ಆಟ. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕನ ಹಕ್ಕು ಬರ್ತದ. ಅದಕ್ಕ ಪತ್ರದಾಗ ‘ನಿಗದಿತ ಅವಧಿ’ ಅಂತ ಇರಬೇಕು, ಅವಧಿ 11 ತಿಂಗಳಿಗೆ ಕತ್ತರಿಸಿರಬಾರದು. ಇನ್ನ ಸೇರಿದ ಮ್ಯಾಲೆ ಪಿಎಫ್ ಪಾಸ್‌ಬುಕ್ ನೋಡ್ತಿರು. ಪ್ರತಿ ತಿಂಗಳ ಹಣ ಮುಂದಿನ ತಿಂಗಳ 15ರೊಳಗ ಕಟ್ಟಬೇಕು. ಚೀಟಿಯೊಳಗ ಕಳದು ಇಪಿಎಫ್ಒಗೆ ಕಟ್ಟದ ವೆಂಡರ್ ಇದ್ರ ಎರಡನೇ ತಿಂಗಳಕ್ಕನ ಗೊತ್ತಾಗ್ತದ.

ವಾಕಡ್_ಹುಬ್ಬಳ್ಳಿ:
ಅಕ್ಕಾ, ಸರ್, ಇಬ್ಬರಿಗೂ ಧನ್ಯವಾದ. ಕೆಲಸ ಅಕ್ಟೋಬರ್ 1ಕ್ಕ ಶುರು. ಅಂದ್ರ ಈ ವರ್ಷ ಆರೇ ತಿಂಗಳು. ಜಿಎಸ್‌ಟಿ ಬೇಕಾ? ಮತ್ತ ಪ್ರೈವೇಟ್ ಲಿಮಿಟೆಡ್ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಲೆಕ್ಕದ_ಪುಸ್ತಕ:
ಆರು ತಿಂಗಳಿಗೆ 10.8 ಲಕ್ಷ, 20 ಲಕ್ಷದ ಮಿತಿಯೊಳಗೆ. ಕಾನೂನಿನ ಪ್ರಕಾರ ನೋಂದಣಿ ಬೇಕಿಲ್ಲ. ಈ ವರ್ಷ ಬೇರೆ ಆದಾಯವಿದ್ದರೆ ಕೂಡಿಸಿ ನೋಡಿ. ಮಿತಿಗೆ ಜಿಎಸ್‌ಟಿ ಇಲ್ಲದ ಮನೆ ಬಾಡಿಗೆಯೂ ಸೇರುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಪೂರ್ತಿ ವರ್ಷ ದುಡಿದರೆ ಫೀ ಒಂದೇ ಆಗಿದ್ದರೆ 12ನೇ ತಿಂಗಳು ಗೆರೆ ದಾಟುತ್ತೀರಿ. ಹುಬ್ಬಳ್ಳಿ ಬಾಡಿಗೆಯಿಂದಾಗಿ 11ನೇ ತಿಂಗಳಲ್ಲೇ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಇನ್ನು ಕ್ಲೈಂಟ್ ವೆಂಡರ್ ಫಾರ್ಮಿನಲ್ಲಿ ಜಿಎಸ್‌ಟಿ ನಂಬರ್ ಕಡ್ಡಾಯ ಮಾಡಿದ್ದರೆ ಕಾನೂನು ಹೇಳಿ ಪ್ರಯೋಜನವಿಲ್ಲ, ತೆಗೆದುಕೊಳ್ಳಲೇಬೇಕು.

ದೇಶಪಾಂಡೆ_ವಾಡೆ:
ಪ್ರೈವೇಟ್ ಲಿಮಿಟೆಡ್ ನಿಮಗೆ ಬೇಡ. ಕಾರಣ ಒಂದೇ ಸಾಲು: 44ಎಡಿಎ ಕಂಪನಿಗೂ ಇಲ್ಲ, ಎಲ್ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ) ಇಲ್ಲ. ಕಂಪನಿಯಿಂದ ಸಂಬಳ ತಗೊಂಡರೆ ಪೇರೋಲಿನ ತೆರಿಗೆಯೇ. ಲಾಭವಾಗಿ ತೆಗೆದರೆ 100 ರೂಪಾಯಿಗೆ ಮೊದಲು ಕಂಪನಿ ತೆರಿಗೆ 25.17, ಉಳಿದ 74.83 ಡಿವಿಡೆಂಡ್ ಆಗಿ ಬಂದಾಗ 30% ಸ್ಲ್ಯಾಬಿನವರಿಗೆ ಸೆಸ್ ಸೇರಿ ಮತ್ತೆ 23.35. ಕೈಗೆ 51 ಚಿಲ್ಲರೆ. ಕಂಪನಿ ಖಾತೆಯಿಂದ ‘ಸಾಲ’ ಅಂತ ಎತ್ತಿಕೊಂಡರೆ ಅದನ್ನೂ ಡಿವಿಡೆಂಡ್ ಎಂದೇ ಹಿಡಿಯುತ್ತಾರೆ.

ಮೇಲೆ ಇಬ್ಬರು ಡೈರೆಕ್ಟರ್ ಬೇಕು (ಒಪಿಸಿ, ಅಂದರೆ ಒಬ್ಬರದೇ ಕಂಪನಿ, ಆದರೆ ಒಬ್ಬರು, ಜೊತೆಗೆ ನಾಮಿನಿ). ಒಂದು ರೂಪಾಯಿ ವಹಿವಾಟು ಇರದಿದ್ದರೂ ಆಡಿಟ್. ವರ್ಷಕ್ಕೊಮ್ಮೆ ತುಂಬುವ ಎಒಸಿ-4 (ಲೆಕ್ಕಪತ್ರ), ಎಂಜಿಟಿ-7ಎ (ವಾರ್ಷಿಕ ರಿಟರ್ನ್) ತಡವಾದರೆ ಪ್ರತಿ ಫಾರ್ಮಿಗೆ ದಿನಕ್ಕೆ 100, ಮಿತಿಯೇ ಇಲ್ಲ. 200 ದಿನ ಮರೆತರೆ ಎರಡಕ್ಕೆ 40,000. ಮಹಾರಾಷ್ಟ್ರದಲ್ಲಿ ಪ್ರೊಫೆಶನ್ ಟ್ಯಾಕ್ಸ್ ಕಂಪನಿಗೆ 2,500, ಡೈರೆಕ್ಟರಿಗೆ ತಲಾ 2,500. ಸಾಕಪ್ಪಾ ಅಂತ ಮುಚ್ಚುವುದಕ್ಕೂ ಎಸ್‌ಟಿಕೆ-2 ಅರ್ಜಿಯ ಶುಲ್ಕ 10,000.

ಕಂಪನಿ ಬೇಕಾಗುವುದು ಯಾವಾಗ ಅಂದರೆ, ನೀವೇ ನಾಲ್ಕು ಜನರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ, ಇಲ್ಲಾ ಕ್ಲೈಂಟ್ ಒಬ್ಬಂಟಿ ವ್ಯಕ್ತಿಯನ್ನು ವೆಂಡರ್ ಮಾಡಿಕೊಳ್ಳೋದಿಲ್ಲ ಅಂದಾಗ. ಹೊಣೆಗಾರಿಕೆಯ ಭಯ ಇದ್ದರೆ ಕರಾರಿನಲ್ಲಿ ನಷ್ಟ ತುಂಬಿಕೊಡುವ ಮೊತ್ತಕ್ಕೆ ಒಂದು ವರ್ಷದ ಫೀ ಮಿತಿ ಹಾಕಿಸಿ. ಸ್ವಂತ ಹೆಸರಿನ ಬಿಲ್ಲಿನಲ್ಲಿ ಮಿತಿಯಿಲ್ಲದ ಕರಾರಿಗೆ ಸಹಿ ಹಾಕಿದರೆ ಹುಬ್ಬಳ್ಳಿ ಮನೆಯೂ ಪಣಕ್ಕೆ ಬಿದ್ದ ಹಾಗೆ.

ಕರಾರಿನ ಭಾಷೆಯನ್ನೂ ನೋಡಿ. ಹಾಜರಿ, ರಜೆ, ‘ವರದಿ ಮಾಡಿಕೊಳ್ಳಬೇಕಾದ ಮ್ಯಾನೇಜರ್’ ಅಂತೆಲ್ಲ ಇದ್ದರೆ ಅಧಿಕಾರಿ ‘ಇದು ಸಂಬಳ’ ಅಂದಾನು. ಐಆರ್35 ಇಲ್ಲದಿದ್ದರೂ ಆ ವಾದ ಇಲ್ಲೂ ಇದೆ.

ಬಾಣೇರ್_ಅಕ್ಕ:
ಸ್ವಂತ ಬಿಲ್ ಅಂತ ನಿರ್ಧಾರ ಆದ್ರ ಜಿಎಸ್‌ಟಿ ಅರ್ಜಿ ಬಾಡಿಗಿ ಫ್ಲ್ಯಾಟಿನ ಮ್ಯಾಲೆ ಹಾಕಬೇಕಾಗ್ತದ, ಅಲ್ಲೇ ತಿರಸ್ಕಾರ ಜಾಸ್ತಿ. ಲೀವ್ ಅಂಡ್ ಲೈಸೆನ್ಸ್ (ಬಾಡಿಗಿ ಕರಾರು) ನೋಂದಣಿ ಆಗಿದ್ರ ಚಲೋ, ಆಗಿಲ್ಲಾಂದ್ರ ಮಾಲಕರ ಗುರುತಿನ ಪುರಾವೆನೂ ಕೊಡಬೇಕಾಗ್ತದ. ಕರಾರಿನಾಗ ‘ವಾಸಕ್ಕೆ ಮಾತ್ರ’ ಅಂತ ಇರ್ತದ, ಅದಕ್ಕ ಮಾಲಕರ ಒಪ್ಪಿಗೆ ಪತ್ರ ಇದ್ರ ಚಲೋ. ಮಹಾವಿತರಣ ಲೈಟ್ ಬಿಲ್ ಬಹಳ ಸಲ ಹಳೇ ಮಾಲಕರ ಇಲ್ಲಾ ಬಿಲ್ಡರ್ ಹೆಸರಿನಾಗ ಇರ್ತದ. ಹಂಗಿದ್ರ ಈಗಿನ ಮಾಲಕರ ಇಂಡೆಕ್ಸ್-2 (ಖರೀದಿ ನೋಂದಣಿಯ ಉತಾರ) ಇಲ್ಲಾ ಪ್ರಾಪರ್ಟಿ ಟ್ಯಾಕ್ಸ್ ರಸೀದಿ ಲಗತ್ತಿಸು. ಫ್ಲ್ಯಾಟ್ ನಂಬರ್, ವಿಂಗ್ ಎಲ್ಲಾ ಕಾಗದದಾಗೂ ಒಂದೇ ತರ ಇರಲಿ. ‘ಬಿ-304’, ‘304/ಬಿ’ ಅಂತ ಬ್ಯಾರೆ ಬ್ಯಾರೆ ಬರೆದ್ರ ಹೆಚ್ಚಿನ ವಿವರ ಕೇಳೋ ರೆಗ್-03 ನೋಟಿಸ್ ಬರೋ ಸಾಧ್ಯತೆ ಅದ, ಉತ್ತರಕ್ಕ ಏಳೇ ಕೆಲಸದ ದಿನ. ಮಾಲಕರು ಊರಾಗ ಇಲ್ಲಾಂದ್ರ ಒಪ್ಪಿಗೆ ಪತ್ರಕ್ಕ ಈಗಲೇ ಫೋನ್ ಮಾಡು, ಅಕ್ಟೋಬರ್ ತನಕ ಕೂಡಬ್ಯಾಡ.